ಹೆಲಿಕಾಪ್ಟರ್ ಘಟಕದ ಉಗ್ರಾಣದಲ್ಲಿ ಬಿಡಿಭಾಗಗಳನ್ನು ಮೊದಲೇ ತುಂಬಿಟ್ಟರೆ ಸಾಲದೇ?

ಸಾಲದು. ಸರಬರಾಜು ಅಧಿಕಾರಿಯಾಗಿ ಹೊರಟಿರುವ ನೀವು ಕೇಳಿದ್ದನ್ನೇ ನಾನು ಇಪ್ಪತ್ತಾರನೆಯ ವಯಸ್ಸಿನಲ್ಲಿ ಕೇಳಿದ್ದೆ. ಯಂತ್ರಗಳು ನೆಲದಲ್ಲಿ ನಿಲ್ಲುವುದು ಬಿಡಿಭಾಗಗಳ ಕೊರತೆಯಿಂದ ಎಂದು ಗಟ್ಟಿಯಾಗಿ ನಂಬಿದ್ದೆ. ಆಮೇಲೆ ಒಂದು ಹಾಳೆಯಿಂದ ಎರಡು ಹೆಲಿಕಾಪ್ಟರ್‌ಗಳನ್ನು ನಾನೇ ನಿಲ್ಲಿಸಿದೆ.

1990ರ ದಶಕದ ಕೊನೆಯ ಒಂದು ಜನವರಿ. ಲಡಾಖ್‌ನಲ್ಲಿ ವಾಯುಪಡೆಯ ನಾಲ್ಕು ಚೀತಾಗಳ ತುಕಡಿ ನಮ್ಮದು. ಚೀತಾ ಎಂದರೆ ಫ್ರಾನ್ಸಿನ ಲಾಮಾ ಹೆಲಿಕಾಪ್ಟರ್, ಪರವಾನಗಿ ಪಡೆದು ನಮ್ಮ ಎಚ್‌ಎಎಲ್ ತಯಾರಿಸಿದ್ದು. 1972ರಲ್ಲಿ ಲಾಮಾ 12,442 ಮೀಟರ್ ಎತ್ತರಕ್ಕೆ ಏರಿ ವಿಶ್ವದಾಖಲೆ ಮಾಡಿತ್ತು ಎಂದು ಹೊಸಬರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದೆವು. ಆ ದಾಖಲೆಗಾಗಿ ಅದರ ತೂಕವನ್ನೆಲ್ಲ ಕಳಚಿದ್ದರು ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ. ನಮ್ಮದು ಸೀಮೆಎಣ್ಣೆ ಹೊರಬೇಕಿತ್ತು. ಸಿಯಾಚಿನ್‌ನ ಅತಿ ಎತ್ತರದ ಠಾಣೆಗಳಿಗೆ ಹೋಗುವಾಗ ಒಂದೆರಡು ಜೆರಿಕ್ಯಾನ್‌ಗಿಂತ ಹೆಚ್ಚು ಹಿಡಿಯುತ್ತಿರಲಿಲ್ಲ. ಒಂದೇ ಎಂಜಿನ್ ಇರುವುದರಿಂದ ಅಲ್ಲಿಗೆ ಯಾವಾಗಲೂ ಜೋಡಿಯಾಗಿಯೇ ಹಾರುತ್ತಿದ್ದರು. ಒಂದು ಬಿದ್ದರೆ ಎಲ್ಲಿ ಬಿದ್ದಿತೆಂದು ಹೇಳಲು ಇನ್ನೊಂದು ಬೇಕಲ್ಲ. ಈ ಜೋಡಿಯ ಲೆಕ್ಕವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾಲ್ಕರಲ್ಲಿ ಒಂದಕ್ಕೆ ನಾವು ‘ಅಜ್ಜಿ’ ಎನ್ನುತ್ತಿದ್ದೆವು. ಎಂಜಿನ್ ಬರಲೆಂದು ಕಾಯುತ್ತ ಹ್ಯಾಂಗರ್‌ನ ಮೂಲೆಯಲ್ಲಿ ನಿಂತಿದ್ದಳು. ಇನ್ನೊಂದು ಅವಧಿ ತಪಾಸಣೆಗೆ ಬಿಚ್ಚಿಟ್ಟಿದ್ದು. ಉಳಿದ ಎರಡರಲ್ಲಿ ಒಂದರ ಬಾಲದ ಗೇರ್‌ಬಾಕ್ಸ್‌ನ ಮ್ಯಾಗ್ನೆಟಿಕ್ ಪ್ಲಗ್‌ಗೆ ಲೋಹದ ಚೂರುಗಳು ಅಂಟಿಕೊಂಡಿರುವುದು ಒಂದು ಮುಂಜಾನೆ ಕಾಣಿಸಿತು. ಒಳಗೆ ಹಲ್ಲೋ ಬೇರಿಂಗೋ ಸವೆಯುತ್ತಿದೆ ಎಂದರ್ಥ. ಹೊಸ ಗೇರ್‌ಬಾಕ್ಸ್ ಇರಲಿಲ್ಲ. ಅಜ್ಜಿಯದನ್ನು ಕಿತ್ತು ಇದಕ್ಕೆ ಹಾಕಿದೆವು. ಕ್ಯಾನಿಬಲೈಸೇಷನ್ ಎಂಬ ಭಯಂಕರ ಹೆಸರಿನ ಈ ಕೆಲಸವನ್ನು ಎಲ್ಲ ದೇಶಗಳ ವಾಯುಪಡೆಗಳೂ ಮಾಡುತ್ತವೆ. ಅದು ತಪ್ಪಲ್ಲ. ತಪ್ಪು ನನ್ನ ಮೇಜಿನ ಮೇಲೆ ನಡೆಯಿತು.

ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮ್ಮ ಮೇಜಿನ ಮೇಲೂ ಅದೇ ನಡೆಯುತ್ತದೆ. ಪ್ರತಿ ಗೇರ್‌ಬಾಕ್ಸ್‌ಗೂ ಒಂದು ಲಾಗ್ ಕಾರ್ಡ್ ಇರುತ್ತದೆ. ಅದರಲ್ಲಿ ಕ್ರಮಸಂಖ್ಯೆ, ತಯಾರಾದ ದಿನಾಂಕ, ಒಟ್ಟು ಹಾರಿದ ಗಂಟೆಗಳು, ಕಳೆದ ಓವರ್‌ಹಾಲ್ (ಪೂರ್ತಿ ಬಿಚ್ಚಿ ಮಾಡುವ ದುರಸ್ತಿ) ನಂತರದ ಗಂಟೆಗಳು, ಯಾವ ಯಂತ್ರಕ್ಕೆ ಯಾವಾಗ ಜೋಡಿಸಿದರು, ಯಾವಾಗ ಕಳಚಿದರು ಎಲ್ಲವೂ ಇರುತ್ತವೆ. ಅದು ಆ ಲೋಹದ ಜಾತಕ. ಇನ್ನೆಷ್ಟು ಗಂಟೆ ಹಾರಬಹುದೆಂದು ಗೇರ್‌ಬಾಕ್ಸ್ ತಾನಾಗಿ ಹೇಳುವುದಿಲ್ಲ, ಕಾರ್ಡ್ ಹೇಳುತ್ತದೆ. ಆ ದಿನ ಎರಡು ಗೇರ್‌ಬಾಕ್ಸ್‌ಗಳ ಎರಡು ಕಾರ್ಡ್‌ಗಳು ಒಂದರ ಮೇಲೊಂದು ನನ್ನ ಮೇಜಿನ ಮೇಲಿದ್ದವು. ಹೊರಗೆ ಎಎನ್-32 ವಿಮಾನ ಹೊರಡಲು ಸಿದ್ಧವಾಗಿತ್ತು. ಅಲ್ಲಿ ವಿಮಾನಗಳೆಲ್ಲ ಬೆಳಗ್ಗೆಯೇ ಹೋಗಿಬಿಡಬೇಕು, ಮಧ್ಯಾಹ್ನದ ಗಾಳಿ ಯಾರ ಮಾತನ್ನೂ ಕೇಳುವುದಿಲ್ಲ. ಕೆಟ್ಟ ಗೇರ್‌ಬಾಕ್ಸ್ ಅದರಲ್ಲೇ ಚಂಡೀಗಡಕ್ಕೆ, ಅಲ್ಲಿಂದ ಬೆಂಗಳೂರಿನ ದುರಸ್ತಿ ಕೇಂದ್ರಕ್ಕೆ ಹೋಗಬೇಕಿತ್ತು. ಪೆಟ್ಟಿಗೆಯ ಮೇಲೆ ಕ್ರಮಸಂಖ್ಯೆ ಬರೆಯಲು ಹೋದರೆ ಚಳಿಗೆ ಪೆನ್ ಮೂಡಲಿಲ್ಲ. ವಿಳಾಸದ ಚೀಟಿಯನ್ನು ಹಿಂದಿನ ರಾತ್ರಿಯೇ ಬರೆದಿಟ್ಟಿದ್ದೆ, ಅದನ್ನು ಅಂಟಿಸಿದೆ. ಮೇಲಿದ್ದ ಕಾರ್ಡ್ ಎತ್ತಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಪೆಟ್ಟಿಗೆಯೊಳಗಿಟ್ಟು ಮೊಳೆ ಹೊಡೆಸಿದೆ. ಪೆನ್ ಬರೆದಿದ್ದರೆ ಸಂಖ್ಯೆಯನ್ನು ನೋಡಿ ಬರೆಯುತ್ತಿದ್ದೆ, ನೋಡಿದ್ದರೆ ತಿಳಿಯುತ್ತಿತ್ತು. ಆ ಕಾರ್ಡ್ ಅಜ್ಜಿಯ ಗೇರ್‌ಬಾಕ್ಸ್‌ನದು.

ಹತ್ತೊಂಬತ್ತು ದಿನಗಳ ಮೇಲೆ ಬೆಂಗಳೂರಿನಿಂದ ಸಂದೇಶ ಬಂತು. ಲೋಹದ ಮೇಲಿನ ಸಂಖ್ಯೆಯೇ ಬೇರೆ, ಕಾರ್ಡ್‌ನ ಸಂಖ್ಯೆಯೇ ಬೇರೆ, ಆದ್ದರಿಂದ ಪೆಟ್ಟಿಗೆಯನ್ನು ಪ್ರತ್ಯೇಕವಾಗಿ ಇರಿಸಲಾಗಿದೆ. ಓದಿದ ಕ್ಷಣ ಎದೆ ಧಸಕ್ಕೆಂದಿತು. ಪೆಟ್ಟಿಗೆಯ ಚಿಂತೆಯಲ್ಲ ಅದು. ಈ ಹತ್ತೊಂಬತ್ತು ದಿನ ನಮ್ಮ ಯಂತ್ರ ಅಜ್ಜಿಯ ಗೇರ್‌ಬಾಕ್ಸ್ ಹೊತ್ತು ಹಾರುತ್ತಿತ್ತು, ನಾನು ಆ ಗಂಟೆಗಳನ್ನು ಪ್ರತಿ ಸಂಜೆ ಕೆಟ್ಟ ಗೇರ್‌ಬಾಕ್ಸ್‌ನ ಕಾರ್ಡ್‌ಗೆ ಕೂಡಿಸುತ್ತಿದ್ದೆ! ಆ ಯಂತ್ರವನ್ನೂ ತಕ್ಷಣ ನಿಲ್ಲಿಸಿದರು. ಈಗ ಲೆಕ್ಕ ಹಾಕಿ: ಅಜ್ಜಿಗೆ ಎಂಜಿನ್ ಇಲ್ಲ, ಬಾಲವೂ ಇಲ್ಲ. ಇನ್ನೊಂದು ತಪಾಸಣೆಯಲ್ಲಿ. ಮತ್ತೊಂದಕ್ಕೆ ಜಾತಕವಿಲ್ಲ. ಉಳಿದದ್ದು ಒಂದು, ಅದಕ್ಕೆ ಜೋಡಿಯಿಲ್ಲ. ಕಾಗದದಲ್ಲಿ ಒಂದು ಹಾರಾಟಯೋಗ್ಯ ಯಂತ್ರ, ಹಿಮನದಿಯ ಮೇಲೆ ಸೊನ್ನೆ.

ಅಜ್ಜಿಯ ಪಕ್ಕಕ್ಕೆ ಕೈಚಾಚಿದರೆ ಸಿಗುವಷ್ಟು ದೂರದಲ್ಲಿ ಭೂಸೇನೆಯ ಚೀತಾಗಳಿದ್ದವು. 1986ರ ನವೆಂಬರ್ 1ರಂದು ಭೂಸೇನೆಯ ಹಾರಾಟ ವಿಭಾಗವಾದ ಆರ್ಮಿ ಏವಿಯೇಷನ್ ಕೋರ್ ಪ್ರತ್ಯೇಕವಾದ ಮೇಲೆ ಒಂದೇ ಬಗೆಯ ಯಂತ್ರಕ್ಕೆ ಇಬ್ಬರು ಯಜಮಾನರು. ಅವರಿಂದ ಏಣಿ, ತಾಡಪಾಲು, ಹೀಟರ್ ಎಲ್ಲವೂ ಸಾಲ ಸಿಗುತ್ತಿದ್ದವು, ನಮ್ಮ ಗದಗಿನ ಗೆಳೆಯನ ಶೇಂಗಾ ಚಟ್ನಿಪುಡಿಗೆ ಪ್ರತಿಯಾಗಿ. ಗೇರ್‌ಬಾಕ್ಸ್ ಮಾತ್ರ ಸಿಗಲಿಲ್ಲ. ಅವರದು ತಪ್ಪೆಂದು ಅಂದು ಬೈದಿದ್ದೆ. ಕಾರ್ಡ್ ಕಳೆದವನಿಗೆ ನಾನಾದರೂ ಕೊಡುತ್ತಿರಲಿಲ್ಲ.

ನನಗೆ ತೀವ್ರ ವಾಗ್ದಂಡನೆಯಾಯಿತು, ಬಡ್ತಿ ಹಿಂದೆ ಬಿತ್ತು. ಹವಾಮಾನ ತೆರೆದುಕೊಂಡ ದಿನ ಕೆಟ್ಟ ಗೇರ್‌ಬಾಕ್ಸ್‌ನ ಕಾರ್ಡ್ ಅಂಗಿಯ ಜೇಬಿನಲ್ಲಿಟ್ಟುಕೊಂಡು ಬೆಂಗಳೂರಿಗೆ ಬಂದೆ. ಉಗ್ರಾಣದಲ್ಲಿ ನನ್ನ ಕೈಬರಹದ ಚೀಟಿ ಹೊತ್ತ ಪೆಟ್ಟಿಗೆ ಸಾಲಿನ ತುದಿಯಲ್ಲಿತ್ತು. ಸಾಲು ಎಂದೆನಲ್ಲ, ಹನ್ನೊಂದು ಪೆಟ್ಟಿಗೆಗಳು. ಮಿಕ್ಕವೇಕೆ ಇಲ್ಲಿವೆ ಎಂದು ಉಗ್ರಾಣದ ಹಿರಿಯರನ್ನು ಕೇಳಿದೆ. ಅವರು ಕನ್ನಡಕ ಸರಿಪಡಿಸಿಕೊಂಡು, “ನಿಮ್ಮಂಥವರೇ ಕಳಿಸಿದ್ದು” ಎಂದರು.

ಈಗ ನಿಮ್ಮ ಪ್ರಶ್ನೆ. ಹೆಚ್ಚು ಖರೀದಿಸಿ ಎನ್ನುವವರ ಮಾತು ಕೇಳಬೇಡಿ. ರಬ್ಬರ್ ಸೀಲ್‌ಗಳು ಕಪಾಟಿನಲ್ಲೇ ವಯಸ್ಸಾಗಿ ಸಾಯುತ್ತವೆ, ಅವುಗಳ ಆಯುಸ್ಸು ನಿಮ್ಮ ಕೈಸೇರಿದ ದಿನದಿಂದಲ್ಲ, ತಯಾರಾದ ದಿನದಿಂದ ಶುರು. 2025ರ ಜನವರಿ 5ರಂದು ಪೋರಬಂದರ್‌ನಲ್ಲಿ ಕರಾವಳಿ ಕಾವಲು ಪಡೆಯ ಧ್ರುವ್ ಹೆಲಿಕಾಪ್ಟರ್ ಬಿದ್ದು ಮೂವರು ತೀರಿಕೊಂಡ ಮೇಲೆ 300ಕ್ಕೂ ಹೆಚ್ಚು ಧ್ರುವ್‌ಗಳು ತಿಂಗಳುಗಟ್ಟಲೆ ನಿಂತವು, ಸಂಶಯ ರೋಟರ್ ರೆಕ್ಕೆಗಳ ಕೋನ ಬದಲಿಸುವ ಸ್ವಾಶ್‌ಪ್ಲೇಟ್‌ನ ಮೇಲೆ. ಅಂದು ಯಾರ ಉಗ್ರಾಣದಲ್ಲಾದರೂ ನೂರು ಸ್ವಾಶ್‌ಪ್ಲೇಟ್ ಇದ್ದಿದ್ದರೆ ನೂರೂ ಸಂಶಯಾಸ್ಪದವೇ. ಈಗೆಲ್ಲ ಕಂಪ್ಯೂಟರ್ ಇದೆ ಎನ್ನುತ್ತೀರಿ. ಮೇಲಿನ ಕಾರ್ಡ್ ಎತ್ತುವ ಕೈ ಅದೇ ಇದೆಯಲ್ಲ?

ನನ್ನ ಮಾತು ಕೇಳುವುದಾದರೆ, ಘಟಕ ಸೇರಿದ ಮೊದಲ ದಿನ ಉಗ್ರಾಣಕ್ಕೆ ಹೋಗಬೇಡಿ, ರವಾನೆ ಕೋಣೆಗೆ ಹೋಗಿ. ಇರುವುದನ್ನು ಎಣಿಸಲು ಹತ್ತು ಜನರಿರುತ್ತಾರೆ. ದುರಸ್ತಿಗೆ ಹೋಗಿ ಇನ್ನೂ ಬಾರದಿರುವುದನ್ನು ಎಣಿಸಿ, ಒಂದೊಂದೂ ಎಲ್ಲಿ, ಏಕೆ ನಿಂತಿದೆ ಎಂದು ಬೆನ್ನುಹತ್ತಿ. ಒಂದರಿಂದ ಕಿತ್ತು ಇನ್ನೊಂದಕ್ಕೆ ಹಾಕುವಾಗ ಒಬ್ಬ ಲೋಹದ ಮೇಲಿನ ಸಂಖ್ಯೆ ಓದಲಿ, ಇನ್ನೊಬ್ಬ ಕಾರ್ಡ್‌ನದು ಓದಲಿ, ಗಟ್ಟಿಯಾಗಿ. ವಿಮಾನ ಹೋದರೆ ಹೋಗಲಿ, ನಾಳೆ ಇನ್ನೊಂದು ಬರುತ್ತದೆ. ನೀವು ಬೆಂಗಳೂರಿನವರು ಎಂದಿದ್ದೀರಿ, ಹೊರಡುವ ಮುನ್ನ ಅನುಮತಿ ಪಡೆದು ಇಲ್ಲಿನ ದುರಸ್ತಿ ಕೇಂದ್ರದ ಸ್ವೀಕೃತಿ ವಿಭಾಗದಲ್ಲಿ ಅರ್ಧ ದಿನ ಕುಳಿತು ಬನ್ನಿ.

ಮತ್ತೆ, ನಾಲ್ಕಾರು ಪೆನ್ಸಿಲ್ ಒಯ್ಯಿರಿ. ಕಾರ್ಡ್‌ನ ಮೇಲೆ ಪೆನ್ಸಿಲ್ ನಡೆಯುವುದಿಲ್ಲ, ಮರದ ಪೆಟ್ಟಿಗೆಯ ಮೇಲೆ ನಡೆಯುತ್ತದೆ.