ರಸ್ತೆಯ ಆಚೆ ಇರುವ ನಾಯಿಯನ್ನು ಕರೆಯಬೇಡಿ

ನಿಮ್ಮ ಎರಡು ವರ್ಷದ ಮುಧೋಳ ನಾಯಿ ಮನೆಯೊಳಗೆ ಹೇಳಿದ್ದನ್ನೆಲ್ಲ ಕೇಳುತ್ತದೆ, ಗೇಟು ದಾಟಿತೆಂದರೆ ಎಷ್ಟು ಕರೆದರೂ ತಿರುಗಿ ನೋಡುವುದಿಲ್ಲ. ಅಪಾಯದ ಹೊತ್ತಿಗೆ ಒಂದೇ ಕೂಗಿಗೆ ಬರುವಂತೆ ಕಲಿಸುವುದು ಹೇಗೆ ಎಂದು ಕೇಳಿದ್ದೀರಿ. ಕಲಿಸಬಹುದು. ಆದರೆ ಅದಕ್ಕೂ ಮೊದಲು, ಇದ್ದ ಜಾಗದಲ್ಲೇ ಮಲಗುವುದನ್ನು ಕಲಿಸಿ.

ಆರು ವರ್ಷದ ಹಿಂದೆ ನಮ್ಮ ನಾಯಿ ಗೌರಿ ಬೆಕ್ಕೊಂದನ್ನು ಅಟ್ಟಿಸಿಕೊಂಡು ಹೋಗಿ ರಸ್ತೆಯ ಆಚೆ ಹುಣಸೆ ಮರದ ಕೆಳಗೆ ನಿಂತಿದ್ದಳು. ಅಲ್ಲಿ ಕ್ಷೇಮವಾಗಿಯೇ ಇದ್ದಳು. ಗಾಬರಿಯಲ್ಲಿ ನಾನು ಕರೆದೆ. ಕರೆದರೆ ಬರಬೇಕೆಂದು ಕಲಿಸಿದವನೂ ನಾನೇ. ಬಂದಳು, ನೇರವಾಗಿ ಟೆಂಪೊ ಬರುತ್ತಿದ್ದ ದಾರಿಗೆ. ಜೀವ ಉಳಿಯಿತು, ಹಿಂಗಾಲು ಮುರಿಯಿತು. ಮಾತು ಕೇಳಿದ್ದಕ್ಕೇ ಅವಳಿಗೆ ಹಾಗಾಯಿತು ಎಂಬುದನ್ನು ಇಂದಿಗೂ ಮರೆಯಲು ಆಗಿಲ್ಲ.

ಆಮೇಲೆ ಅವಳಿಗೆ ಕಲಿಸಿದ ಮಾತು 'ನೆಲ'. ಚಿಕ್ಕದು, ಮನೆಯಲ್ಲಿ ನಾಯಿಯ ಜೊತೆ ಬೇರೆ ಯಾವುದಕ್ಕೂ ಬಳಸದ್ದು. ಜೊತೆಗೆ ಕೈಯನ್ನು ಮೇಲೆತ್ತುವ ಸನ್ನೆಯನ್ನೂ ಕಲಿಸಿ, ಲಾರಿಯ ಸದ್ದಿನಲ್ಲಿ ದನಿ ಮುಟ್ಟದೆ ಹೋಗಬಹುದು. ಎದುರಿಗೆ ನಿಂತು ಮಲಗಿಸುವುದು ನಾಲ್ಕು ದಿನದ ಕೆಲಸ, ಕಷ್ಟವಿರುವುದು ದೂರದಲ್ಲಿ. ದೂರದಿಂದ ಹೇಳಿದರೆ ನಾಯಿ ಮೊದಲು ನಿಮ್ಮ ಕಾಲ ಬಳಿಗೆ ಓಡಿ ಬಂದು ಆಮೇಲೆ ಮಲಗುತ್ತದೆ, ಏಕೆಂದರೆ ತಿನಿಸು ಇರುವುದು ನಿಮ್ಮ ಕೈಯಲ್ಲಿ. ಆದ್ದರಿಂದ ಅದನ್ನು ಜಗಲಿಯ ಕಂಬಕ್ಕೆ ಸಡಿಲವಾಗಿ ಕಟ್ಟಿ, ಒಂದು ಹೆಜ್ಜೆ ಆಚೆ ನಿಂತು ಹೇಳಿ. ಮಲಗಿದೊಡನೆ ನೀವೇ ಹೋಗಿ ಮುಂಗಾಲುಗಳ ನಡುವೆ ತಿನಿಸು ಇಡಿ. ಇಲ್ಲವೇ ಅದರ ಬೆನ್ನ ಹಿಂದೆ ಬೀಳುವಂತೆ ಎಸೆಯಿರಿ. ಒಳ್ಳೆಯದು ಹಿಂದಿನಿಂದಲೂ ಬರುತ್ತದೆ ಎಂದು ತಿಳಿದ ನಾಯಿ ಮುಂದಕ್ಕೆ ನುಗ್ಗುವುದನ್ನು ಬಿಡುತ್ತದೆ. ಎರಡು ಹೆಜ್ಜೆ, ಐದು, ಹತ್ತು. ಆಮೇಲೆ ಜೊತೆಯಲ್ಲಿ ನಡೆಯುವಾಗ, ಕೊನೆಗೆ ಅದು ಓಡುತ್ತಿರುವಾಗ. ಗೌರಿಗೆ ಇದಕ್ಕೆ ನಾಲ್ಕು ತಿಂಗಳು ಹಿಡಿಯಿತು.

ಕರೆಯುವ ಮಾತೂ ಹೊಸದಾಗಿರಲಿ. 'ಬಾ' ಎಂಬುದು ಸವೆದ ನಾಣ್ಯ. ಸ್ನಾನಕ್ಕೂ ಬಾ, ಬೈಸಿಕೊಳ್ಳುವುದಕ್ಕೂ ಬಾ. ನಾನು 'ಡಮರೂ' ಎಂದು ಇಟ್ಟುಕೊಂಡೆ, ಕೊನೆಯನ್ನು ಎಳೆದು ಕೂಗಬಹುದು. ಮೊದಲ ಎರಡು ವಾರ ಮನೆಯೊಳಗೆ, ನಾಯಿ ಪಕ್ಕದಲ್ಲೇ ಇರುವಾಗ, ದಿನಕ್ಕೆ ಮೂರು ಬಾರಿ ಆ ಮಾತು ಹೇಳಿ. ಹೇಳಿದ ಮರುಗಳಿಗೆಯೇ ಉಪ್ಪು, ಈರುಳ್ಳಿ ಹಾಕದೆ ಬೇಯಿಸಿದ ಕೋಳಿಯ ಲಿವರ್ ಚೂರುಗಳನ್ನು ಒಂದರ ಹಿಂದೆ ಒಂದರಂತೆ ಅರ್ಧ ನಿಮಿಷ ಕೊಡಿ. ಸಸ್ಯಾಹಾರಿ ಮನೆಯಾದರೆ ಪನೀರ್. ಈ ಔತಣ ಬೇರೆ ಯಾವ ಕೆಲಸಕ್ಕೂ ಸಿಗಬಾರದು. ತಿನ್ನಿಸುವಾಗ ಕೊರಳಪಟ್ಟಿಯನ್ನು ಹಿಡಿಯುವುದನ್ನೂ ರೂಢಿ ಮಾಡಿಸಿ; ಹತ್ತಿರ ಬಂದು ಕೈಗೆ ಸಿಗದೆ ಜಾರಿಕೊಳ್ಳುವ ನಾಯಿಗಳು ಬಹಳ.

ಇನ್ನೊಂದು ಮಾತು. ಅಂಗಳದಲ್ಲಿ ಅಭ್ಯಾಸ ಮಾಡುವಾಗ ನಮ್ಮ ದನಿ ಮೃದುವಾಗಿರುತ್ತದೆ, ನಿಜವಾದ ಅಪಾಯದಲ್ಲಿ ಅದು ಕೀರಲು ಚೀರಾಟವಾಗುತ್ತದೆ. ನಾಯಿಗೆ ಅದು ಬೇರೆಯದೇ ಸದ್ದು. ಮಾತು ರೂಢಿಯಾದ ಮೇಲೆ ಆ ಗಾಬರಿಯ ದನಿಯಲ್ಲೂ ಕೂಗಿ ಅಭ್ಯಾಸ ಮಾಡಿಸಿ, ನೆರೆಯವರು ಏನೇ ಅಂದುಕೊಳ್ಳಲಿ. ಮನೆಯ ಮಕ್ಕಳು ಈ ಎರಡು ಮಾತುಗಳನ್ನು ಆಟಕ್ಕೆ ಬಳಸದಂತೆ ನೋಡಿಕೊಳ್ಳಿ. ತಡವಾಗಿ ಬಂದರೂ ಗದರಬೇಡಿ.

ಮುಧೋಳ ಕಣ್ಣಿಗೆ ಕಂಡದ್ದನ್ನು ಅಟ್ಟುವ ಬೇಟೆಯ ತಳಿ. ಓಟ ಶುರುವಾದ ಮೇಲೆ ಅದರ ಕಿವಿಗೆ ಏನೂ ಬೀಳುವುದಿಲ್ಲ ಎನ್ನುವಷ್ಟು ಮೈಮರೆಯುತ್ತದೆ. ಕಿವಿ ನಿಮಿರಿ, ಮೈ ಬಿಗಿದು ನಿಂತ ಆ ಒಂದು ಕ್ಷಣವೇ ನಿಮ್ಮ ಅವಕಾಶ, ಆಗಲೇ ಕೂಗಿ. ಬಯಲಿನಲ್ಲಿ ಅಭ್ಯಾಸ ಮಾಡುವಾಗ ಹತ್ತು ಮೀಟರ್ ಹಗ್ಗವನ್ನು ಎದೆಪಟ್ಟಿಗೆ ಕಟ್ಟಿ, ಕೊರಳಿಗೆ ಬೇಡ. ಆ ವೇಗದಲ್ಲಿ ಹಗ್ಗ ಬಿಗಿದರೆ ಕತ್ತಿಗೆ ಪೆಟ್ಟಾಗುತ್ತದೆ. ರಸ್ತೆಯ ಬಳಿ ಅದು ಎಷ್ಟೇ ಚೆನ್ನಾಗಿ ಕಲಿತಿದ್ದರೂ ಹಗ್ಗ ಬಿಚ್ಚಬೇಡಿ. ನಿಮ್ಮ ಗೇಟಿನ ಚಿಲಕವನ್ನು ಈ ವಾರವೇ ಸರಿಪಡಿಸಿ, ಇದೆಲ್ಲ ಕಲಿಯಲು ತಿಂಗಳುಗಳು ಬೇಕು.