ಇನ್ಸುಲಿನ್ ಕೊಟ್ಟಿದ್ದೆನೋ ಇಲ್ಲವೋ

ರೇಣುಕಾ ಅನ್ನೋಣ. ಹೆಸರು, ಗುರುತು ಬದಲಿಸಿದ್ದೇನೆ. ರಾಯಚೂರಿನ ಒಂದು ಖಾಸಗಿ ನರ್ಸಿಂಗ್ ಹೋಮ್‌ನಲ್ಲಿ ಸ್ಟಾಫ್ ನರ್ಸ್. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ನಾಲ್ಕು ವರ್ಷ ದುಡಿದ ಮೇಲೆ, 2 ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ ನರ್ಸಿಂಗ್‌ಗೆ ಸೇರಿದ್ದಾಳೆ. ವಾರಕ್ಕೆ ನಾಲ್ಕು ನೈಟ್ ಡ್ಯೂಟಿ, ರಾತ್ರಿ 8ರಿಂದ ಬೆಳಿಗ್ಗೆ 8. ಒಂಬತ್ತೂವರೆಗೆ ಕ್ಲಾಸು.

ನನ್ನ ಹತ್ತಿರ ಸಲಹೆಗೆ ಬಂದವಳು ಕೂತ ಕೂಡಲೇ ಅತ್ತಳು. ಓದಿನ ಮಾತೇ ಎತ್ತಲಿಲ್ಲ. ಹೇಳಿದ್ದು ಹಿಂದಿನ ವಾರದ ಒಂದು ಬೆಳಗಿನ ಸಂಗತಿ. ಡ್ಯೂಟಿ ಮುಗಿಯಲು ಅರ್ಧ ಗಂಟೆ ಇತ್ತು. ನಾಷ್ಟಾಕ್ಕೆ ಮೊದಲು ಕೊಡುವ ಇನ್ಸುಲಿನ್ ಸಿರಿಂಜ್‌ಗೆ ಎಳೆದುಕೊಂಡು ಹೋದರೆ, ಬೆಡ್‌ನಲ್ಲಿದ್ದ ಅಜ್ಜಿ "ಈಗರ ಕೊಟ್ಟೆಲ್ಲವ್ವಾ" ಅಂದರಂತೆ. ಚಾರ್ಟ್‌ನಲ್ಲಿ ಸಹಿ ಇಲ್ಲ. ಆದರೆ ಹಾಸಿಗೆಯ ಅಂಚಿನಲ್ಲಿ ಸ್ಪಿರಿಟ್ ಹತ್ತಿಯ ಚೂರು, ಇನ್ನೂ ಹಸಿ.

"ನನಗ ನೆನಪೇ ಇಲ್ರಿ ಮೇಡಂ. ಅಜ್ಜಿಗೆ ನಿದ್ದಿ ಹತ್ತಿದ್ರ ಎರಡನೇದೂ ಚುಚ್ಚಿಬಿಡ್ತಿದ್ದೆ."

ಎರಡನೇ ಡೋಸ್ ಹೋಗಿದ್ದರೆ ಶುಗರ್ ಇಳಿದು ಅಜ್ಜಿ ಎಚ್ಚರ ತಪ್ಪಬಹುದಿತ್ತು. ಅದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಅದಕ್ಕೇ ಸಮಾಧಾನದ ಮಾತು ಆಡಲಿಲ್ಲ. ನಿದ್ದೆ ಎಷ್ಟು ಅಂತ ಕೇಳಿದೆ. ನೈಟ್ ಇದ್ದ ದಿನ ಸಂಜೆ ಎರಡು ತಾಸು, ಅದೂ ತಗಡಿನ ಸೂರಿನ ರೂಮಿನಲ್ಲಿ. ಏಪ್ರಿಲ್‌ನ ರಾಯಚೂರಿನಲ್ಲಿ ಅಲ್ಲಿ ಯಾರಿಗೆ ನಿದ್ದೆ ಬರುತ್ತದೆ?

ಮೊದಲು ಹೇಳಿದ್ದು: ಇವತ್ತೇ ಇನ್‌ಚಾರ್ಜ್ ಸಿಸ್ಟರ್ ಹತ್ತಿರ ನಡೆದದ್ದನ್ನು ಹೇಳು. ಬೈಸಿಕೊಳ್ಳಬೇಕಾದೀತು, ಬೈಸಿಕೋ. ಇನ್ನು ಮುಂದೆ ಔಷಧಿ ಕೊಟ್ಟ ಜಾಗದಲ್ಲೇ ನಿಂತು ಚಾರ್ಟ್‌ಗೆ ಸಹಿ ಹಾಕು.

ಆಮೇಲೆ ಡ್ಯೂಟಿ. ಪರೀಕ್ಷೆಗೆ ಕೂರಲು ಶೇ. 80 ಹಾಜರಿ ಬೇಕು. ಡಿಗ್ರಿ ಕೈಗೆ ಬರುವ ಮೊದಲು ಪ್ರಾಕ್ಟಿಕಲ್ ಪೂರ್ತಿ ಶೇ. 100 ಆಗಿರಬೇಕು. ಕಾಲೇಜಿನ ಕಡೆ ಕಡಿಮೆ ಮಾಡುವಂಥದ್ದು ಏನೂ ಇಲ್ಲ. ಬಿಡಬೇಕಾದ್ದು ನೈಟ್‌ಗಳನ್ನೇ. ಶನಿವಾರ ರಾತ್ರಿ ಒಂದನ್ನು ಇಟ್ಟುಕೋ, ಭಾನುವಾರ ಮಲಗು, ಉಳಿದದ್ದು ಬಿಡು ಅಂದೆ.

"ಮನಿ ನಡೆಯಂಗಿಲ್ರಿ" ಅಂದಳು. ಕಾಗದ ಕೊಟ್ಟು ಲೆಕ್ಕ ಬರೆಸಿದೆ. ಮನೆಗೆ ತಿಂಗಳಿಗೆ ಕಳಿಸುತ್ತಿದ್ದುದರಲ್ಲಿ ಅರ್ಧದಷ್ಟು ಅಣ್ಣನ ಬೈಕಿನ ಕಂತಿಗೆ ಹೋಗುತ್ತಿತ್ತು! ಅಣ್ಣನಿಗೆ ದುಡಿಮೆ ಇದೆ. ತಂಗಿ ಯಾವತ್ತೂ ಬಾಯಿ ಬಿಟ್ಟಿಲ್ಲ, ಅಷ್ಟೇ. ನನ್ನ ಎದುರಿಗೇ ಅವನಿಗೆ ಫೋನ್ ಮಾಡಿದಳು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದ್ಲ ಹೇಳಬೇಕಿಲ್ಲೇನ" ಅಂದ.

ವಿದ್ಯಾರ್ಥಿವೇತನಕ್ಕೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಲು, ನೆಲಮಹಡಿಯಲ್ಲಿ ರೂಮಿರುವ ಗೆಳತಿಯ ಜತೆ ಇರಲು ಹೇಳಿದೆ.

ಮೂರು ವಾರ ಬಿಟ್ಟು ಬಂದಳು. ನೈಟ್ ಎರಡಕ್ಕೆ ಇಳಿದಿದೆ, ಒಂದಕ್ಕೆ ಇನ್ನೂ ಒಪ್ಪಿಲ್ಲ. ಫೀ ಕಂತು ಬಾಕಿ ಇದೆ. ಆ ಬಗ್ಗೆ ಪ್ರಿನ್ಸಿಪಾಲರಿಗೆ ಬರೆಯುವ ಪತ್ರವನ್ನು ಇಬ್ಬರೂ ಕೂತು ಬರೆದೆವು.