ಕೆಆರ್‌ಎಸ್ ಹಿನ್ನೀರಿನ ದೋಣಿ: ಒಂದೇ ಪ್ಲಗ್ ಪದೇ ಪದೇ ಹೋಗುತ್ತಿದೆ, ಯಾಕೆ?

ಹಳೇ ಎರಡು ಸಿಲಿಂಡರ್ ಟೂ-ಸ್ಟ್ರೋಕ್ ಇಂಜಿನ್, ಕೆಳಗಿನ ಸಿಲಿಂಡರಿನ ಸ್ಪಾರ್ಕ್ ಪ್ಲಗ್ (ಕಿಡಿ ಹಚ್ಚುವ ಪ್ಲಗ್) ತಿಂಗಳಲ್ಲಿ ಎರಡು ಸಲ ಬೆಳ್ಳಗೆ ಸುಟ್ಟು ಅದರ ಪಿಂಗಾಣಿ ಒಡೆದಿದೆ, ಮೂರನೇದು ಹಾಕಲಾ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ಹಾಕಬೇಡಿ. ಒಡೆದ ಚೂರು ಎಲ್ಲಿ ಹೋಯಿತು? ಒಳಗೇ ಉಳಿದಿದ್ದರೆ ಸಿಲಿಂಡರ್ ಗೋಡೆ ಗೀರಿಬಿಡುತ್ತದೆ. ಪ್ಲಗ್ ತೂತಿನಿಂದ ಟಾರ್ಚ್ ಬಿಟ್ಟು ಪಿಸ್ಟನ್ ತಲೆ ನೋಡಿ.

ನಾನು ಮೈಸೂರಿನಲ್ಲಿ ಜಾವಾ, ಯೆಜ್ಡಿ ಬೈಕ್ ಬಿಚ್ಚಿ ಕಲಿತವನು. ಅವನ್ನು ಮಾಡುತ್ತಿದ್ದ ಯಾದವಗಿರಿಯ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಟೂ-ಸ್ಟ್ರೋಕ್ ಪ್ಲಗ್ ನೋಡಿ ಕಾಯಿಲೆ ಹೇಳುವವರು ಈ ಊರಲ್ಲಿ ಇನ್ನೂ ಇದ್ದಾರೆ. ದೋಣಿ ಇಂಜಿನ್ನೂ ಅದೇ ಜಾತಿ. ಅದನ್ನು ತಣ್ಣಗಿಡೋದು ಗಾಳಿಯಲ್ಲ, ನೀರು. ನನಗೆ ಅನುಮಾನ ಇರೋದೂ ಅಲ್ಲೇ.

ಎರಡೂ ಪ್ಲಗ್ ಪಕ್ಕಪಕ್ಕ ಇಡಿ. ಮೇಲಿನದು ತಿಳಿ ಕಂದು ಬಣ್ಣ ಇದ್ದರೆ ಪೆಟ್ರೋಲು, ಆಯಿಲ್ ಮಿಶ್ರಣ ಸರಿಯಿದೆ. ಅದು ತಪ್ಪಿದ್ದರೆ ಎರಡರ ಮೇಲೂ ಗುರುತು ಬೀಳುತ್ತಿತ್ತು, ಅಲ್ವಾ? ಒಣ ಮಸಿ ಇದ್ದರೆ ಪೆಟ್ರೋಲು ಜಾಸ್ತಿ. ಒದ್ದೆ ಜಿಡ್ಡು ಇದ್ದರೆ ಆಯಿಲ್ ಜಾಸ್ತಿ ಅಥವಾ ಕಿಡಿ ಕಡಿಮೆ. ಮೀನು ಹಿಡಿಯೋಕೆ ಗಂಟೆಗಟ್ಟಲೆ ನಿಧಾನ ಓಡಿಸಿದರೂ ಹಾಗಾಗುತ್ತದೆ. ಇವೆಲ್ಲ ಸಣ್ಣ ವಿಷಯ.

ಬೆಳ್ಳಗಾಗೋದು ಸಣ್ಣದಲ್ಲ. ಆ ಸಿಲಿಂಡರ್ ಅತಿಯಾಗಿ ಕಾಯುತ್ತಿದೆ. ಲೆನ್ಸ್ ಹಿಡಿದು ನೋಡಿ, ಪಿಂಗಾಣಿ ಮೇಲೆ ಬೆಳ್ಳಿ ಪುಡಿಯಂಥ ಚುಕ್ಕೆ ಕಂಡರೆ ಅದು ಕರಗಿದ ಪಿಸ್ಟನ್ ಅಲ್ಯೂಮಿನಿಯಂ. ಆಮೇಲೆ ಒಂದು ನಿಮಿಷವೂ ಓಡಿಸಬೇಡಿ, ಹೆಡ್ (ಸಿಲಿಂಡರ್ ಮುಚ್ಚಳ) ಬಿಚ್ಚಿಸಿ.

ಚುಕ್ಕೆ ಇಲ್ಲದಿದ್ದರೆ ಪ್ಲಗ್ ನಂಬರ್ ಇಂಜಿನ್ ಪುಸ್ತಕದಲ್ಲಿ ಇರುವುದೇನಾ ನೋಡಿ. ಚೂಡಿ (ತಿರುಪಿನ ಹಲ್ಲು) ಕೂತಿತು ಅಂತ ಯಾವುದೋ ಪ್ಲಗ್ ಹಾಕಿದರೆ ಹೀಗೇ ಸುಡುತ್ತದೆ. ನಂತರ ನೀರು. ಇಂಜಿನ್ ಓಡುವಾಗ ಹಿಂದಿನ ಸಣ್ಣ ತೂತಿನಿಂದ ನೀರು ಜೋರಾಗಿ ಚಿಮ್ಮಬೇಕು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಕೆಸರು, ಜೊಂಡು ಸೇರಿ ದಾರಿ ಕಟ್ಟುತ್ತದೆ, ಪಂಪಿನ ರಬ್ಬರ್ ಇಂಪೆಲ್ಲರ್ (ನೀರು ತಳ್ಳುವ ಚಕ್ರ) ಸವೆಯುತ್ತದೆ. ಪರೀಕ್ಷೆಯನ್ನು ನೀರು ತುಂಬಿದ ಡ್ರಮ್ಮಿನಲ್ಲೇ ಮಾಡಿ. ಒಣಗಿ ಓಡಿಸಿದರೆ ಆ ರಬ್ಬರ್ ಕ್ಷಣದಲ್ಲಿ ಸುಟ್ಟುಹೋಗುತ್ತದೆ.

ನೀರು ಸರಿಯಿದ್ದರೆ ಎಲ್ಲೋ ಗಾಳಿ ಎಳೆಯುತ್ತಿರಬಹುದು, ಆಗ ಪೆಟ್ರೋಲು ಸಾಲದೆ ಸಿಲಿಂಡರ್ ಕಾಯುತ್ತದೆ. ಕಾರ್ಬ್ಯುರೇಟರ್ ಗ್ಯಾಸ್ಕೆಟ್, ಕ್ರ್ಯಾಂಕ್ ಸೀಲ್ ನೋಡಿಸಿ. ಕೆಳಗಿನ ಸಿಲಿಂಡರಿಗೆ ಬೇರೆ ಕಾರ್ಬ್ಯುರೇಟರ್ ಇದ್ದರೆ ಅದರ ಜೆಟ್ (ಪೆಟ್ರೋಲು ಬರುವ ಸಣ್ಣ ತೂತು) ಕಟ್ಟಿರಬಹುದು. ಎರಡೂ ಸಿಲಿಂಡರಿನ ಕಂಪ್ರೆಷನ್ (ಒಳಗಿನ ಒತ್ತಡ) ಅಳೆಸಿ. ಆ ಅಳತೆ, ಪ್ಲಗ್ ನಂಬರ್, ಎರಡೂ ಪ್ಲಗ್ಗಿನ ಫೋಟೋ ಇಲ್ಲೇ ಹಾಕಿ, ಖಂಡಿತ ನೋಡಿ ಹೇಳುತ್ತೇನೆ.